ಆನೆ ದಾರಿಯ ಸೀನಿಗೆ ಸ್ಪ್ಲಿಟ್ ಸ್ಕ್ರೀನ್ ಬೇಕಾ, ಇಂಟರ್‌ಕಟ್ ಸಾಕಾ?

ಆಲೂರು ಫ್ರೇಮ್:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಹನ್ನೆರಡು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ನಮ್ಮ ಆಲೂರು ಕಡೆಯದೇ ಕಥೆ. ಅಪ್ಪ ಸಂತೆ ಮುಗಿಸಿಕೊಂಡು ಸಂಜೆ ಬೈಕಿನಲ್ಲಿ ಎಸ್ಟೇಟಿನ ಲೈನ್ ಮನೆಗೆ (ಕೆಲಸದವರ ಸಾಲು ಮನೆ) ವಾಪಸ್ ಬರುತ್ತಿದ್ದಾನೆ. ಮನೆಯಲ್ಲಿ ಮಗಳ ಫೋನಿಗೆ ಅರಣ್ಯ ಇಲಾಖೆಯ ಮೆಸೇಜ್ ಬರುತ್ತದೆ, ಅದೇ ದಾರಿಯಲ್ಲಿ ಆನೆ ಇದೆ ಅಂತ. ಅಪ್ಪನ ಫೋನ್ ಸೈಲೆಂಟ್ ಆಗಿ ಜೇಬಿನಲ್ಲಿದೆ. ಅವಳು ಕಾಲ್ ಮಾಡುತ್ತಲೇ ಇರುತ್ತಾಳೆ, ಅವನು ಎತ್ತುವುದಿಲ್ಲ. ಸುಮಾರು ನಾಲ್ಕು ನಿಮಿಷದ ಸೀನ್. ಇಡೀ ಚಿತ್ರ ಇದರ ಮೇಲೇ ನಿಂತಿದೆ.

ನನಗೆ ಇದನ್ನು ಸ್ಪ್ಲಿಟ್ ಸ್ಕ್ರೀನ್, ಅಂದರೆ ಪರದೆ ಎರಡು ಭಾಗ ಮಾಡಿ ತೋರಿಸುವ ಆಸೆ. ಎಡಗಡೆ ಮಗಳು, ಬಲಗಡೆ ಅಪ್ಪ. ನಮ್ಮ ಕ್ಯಾಮೆರಾ ಹುಡುಗ ಬೇಡ ಅಂತಾನೆ, ಅವಳು ಒಂದು ಶಾಟ್, ಇವನು ಒಂದು ಶಾಟ್ ಅಂತ ಇಂಟರ್‌ಕಟ್ ಮಾಡಿದರೆ ಸಾಕು ಅಂತಾನೆ. ಗೊತ್ತಿರುವವರು ಹೇಳಿ.

ಮೂಡಿಗೆರೆ ಮಳೆ:
ನಿಮ್ಮ ಕ್ಯಾಮೆರಾ ಹುಡುಗನಿಗೆ ನನ್ನ ಓಟು ಮಾರಾಯ್ರೇ. ಮನುಷ್ಯನಿಗೆ ಕಣ್ಣು ಎರಡಿದ್ದರೂ ನೋಡುವುದು ಒಂದನ್ನೇ. ಎಡಗಡೆ ನೋಡಿದರೆ ಬಲಗಡೆಯದು ತಪ್ಪುತ್ತದೆ, ಬಲಗಡೆ ನೋಡಿದರೆ ಎಡಗಡೆಯದು. ರಾತ್ರಿ ಒಂಬತ್ತಕ್ಕೆ ನ್ಯೂಸ್ ಚಾನೆಲ್ ಹಾಕಿ ನೋಡಿ, ಆರು ಬಾಕ್ಸ್, ಆರು ಜನ, ಕೆಳಗೆ ಓಡುವ ಪಟ್ಟಿ ಬೇರೆ. ಏನಾದರೂ ತಲೆಗೆ ಹೋಗುತ್ತದಾ? ಕಟ್ ಮಾಡಿ ಉಸಿರು ಬಿಗಿಹಿಡಿಸುವ ವಿದ್ಯೆ ನೂರು ವರ್ಷಕ್ಕಿಂತ ಹಳೆಯದು, ಇವತ್ತಿಗೂ ಕೆಲಸ ಮಾಡುತ್ತದೆ. ಅದನ್ನು ಬಿಟ್ಟು ಈ ಶೋಕಿ ಯಾಕೆ?

ಕಾಫಿ ಹೂವು:
ನಾನು ಚಿಕ್ಕಮಗಳೂರಿನವಳು, ಎಡಿಟಿಂಗ್ ಕೆಲಸ ಮಾಡುತ್ತೇನೆ. ಮೂಡಿಗೆರೆಯವರು ಹೇಳಿದ್ದು ಅರ್ಧ ಸರಿ. ಆದರೆ ಶೋಕಿ ಅಂದದ್ದು ಸರಿಯಲ್ಲ, ಇದೂ ಅಷ್ಟೇ ಹಳೆಯದು. 1913ರಲ್ಲಿ ಲೋಯಿಸ್ ವೆಬರ್ ಅನ್ನುವ ನಿರ್ದೇಶಕಿ 'ಸಸ್ಪೆನ್ಸ್' ಅಂತ ಒಂದು ಸಣ್ಣ ಮೂಕಿ ಚಿತ್ರ ಮಾಡಿದರು. ಮನೆಯಲ್ಲಿ ಮಗುವಿನ ಜೊತೆ ಒಂಟಿ ಹೆಂಗಸು, ಆಫೀಸಿನಲ್ಲಿ ಗಂಡ, ಮನೆಗೆ ನುಗ್ಗಲು ಬಂದ ಅಲೆಮಾರಿ. ಅವಳು ಗಂಡನಿಗೆ ಫೋನ್ ಮಾಡುವಾಗ ಪರದೆಯನ್ನು ಮೂರು ತ್ರಿಕೋನ ಮಾಡಿ ಮೂವರನ್ನೂ ಒಟ್ಟಿಗೇ ತೋರಿಸುತ್ತಾರೆ. ಆಲೂರಿನವರೇ, ನಿಮ್ಮ ಸೀನ್ ಇದರ ಮೊಮ್ಮಗ. ಯೂಟ್ಯೂಬಿನಲ್ಲಿ ಸಿಗುತ್ತದೆ, ಹತ್ತು ನಿಮಿಷದ ಆಸುಪಾಸು, ಮೊದಲು ಅದನ್ನು ನೋಡಿ.

ಕಟ್ ಮಾಡಿದಾಗ ಏನಾಗುತ್ತದೆ ಅಂದರೆ, ಮಗಳನ್ನು ತೋರಿಸುವಾಗ ಅಪ್ಪ ಏನು ಮಾಡುತ್ತಿದ್ದಾನೆ ಅಂತ ನಾವು ಊಹಿಸುತ್ತೇವೆ. ಆ ಊಹೆಯಲ್ಲೇ ಭಯ ಇರುವುದು. ಪರದೆ ಎರಡು ಮಾಡಿದರೆ ಊಹೆಗೆ ಜಾಗವಿಲ್ಲ. ಬದಲಿಗೆ ಬೇರೆ ಥರದ ಸಂಕಟ ಸಿಗುತ್ತದೆ. ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಎರಡೂ ಒಂದೇ ಕ್ಷಣ ನಮ್ಮ ಕಣ್ಣ ಮುಂದೆ. ಅವಳು ಕಾಲ್ ಒತ್ತುತ್ತಾಳೆ, ಪಕ್ಕದಲ್ಲೇ ಅವನ ಅಂಗಿ ಜೇಬಿನಲ್ಲಿ ಬೆಳಕು ಹತ್ತುತ್ತದೆ, ಅವನು ಮಾತ್ರ ರಸ್ತೆ ನೋಡುತ್ತಿದ್ದಾನೆ. ಇದನ್ನು ಕಟ್‌ನಲ್ಲಿ ಹೇಳಬೇಕಾದರೆ ಎರಡು ಶಾಟ್ ಬೇಕು, ಆ ಎರಡರ ಮಧ್ಯೆ ಸಂಕಟ ಸ್ವಲ್ಪ ಸೋರಿ ಹೋಗುತ್ತದೆ. ಹಾಗಾಗಿ ನನ್ನ ಪ್ರಶ್ನೆ ಇಷ್ಟೇ: ನಿಮ್ಮ ನಾಲ್ಕು ನಿಮಿಷದಲ್ಲಿ ಇಂಥ ಕ್ಷಣ ಎಷ್ಟಿವೆ? ಎರಡೇ ಇದ್ದರೆ ಎರಡು ಸಲ ಮಾತ್ರ ಪರದೆ ಒಡೆಯಿರಿ.

ಆಲೂರು ಫ್ರೇಮ್:
ಅಕ್ಕಾ, ಜೇಬಿನ ಬೆಳಕು! ನಮ್ಮ ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ಈಗ ಸೇರಿತು.

ಹಳೇ ರೀಲು:
ಹಾಸನದಿಂದ ಬರೆಯುತ್ತಿದ್ದೇನೆ. ನಾನು ಮೊದಲು ಕ್ಯಾಮೆರಾ ಅಸಿಸ್ಟೆಂಟ್, ಆಮೇಲೆ ಇಲ್ಲಿನ ಒಂದು ಟಾಕೀಸಿನಲ್ಲಿ ಆಪರೇಟರ್. ನಿಮ್ಮೆಲ್ಲರಿಗಿಂತ ವಯಸ್ಸಾದವನು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನಮ್ಮ ಕಾಲದಲ್ಲಿ ಇದೇ ಕೆಲಸಕ್ಕೆ ಮಾಸ್ಕ್ ಶಾಟ್ ಅನ್ನುತ್ತಿದ್ದೆವು. ಡಬಲ್ ಆಕ್ಟಿಂಗ್ ಚಿತ್ರಗಳೆಲ್ಲ ಅದರಲ್ಲೇ ಆದದ್ದು. 1977ರ 'ಬಬ್ರುವಾಹನ'ದಲ್ಲಿ ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್, ಎದುರುಬದುರು ನಿಂತು ಹಾಡಿಕೊಂಡು ಜಗಳ ಆಡುತ್ತಾರಲ್ಲ, ಕಂಪ್ಯೂಟರ್ ಇಲ್ಲದ ಕಾಲ ಅದು. ಮರುವರ್ಷ 'ಶಂಕರ್ ಗುರು'ವಿನಲ್ಲಿ ಅಪ್ಪ, ಇಬ್ಬರು ಮಕ್ಕಳು, ಮೂರೂ ಅವರೇ.

ಮಾಡುವುದು ಹೀಗೆ. ಲೆನ್ಸಿನ ಮುಂದೆ ಅರ್ಧ ಭಾಗಕ್ಕೆ ಕಪ್ಪು ತಗಡು. ಎಡಗಡೆ ಪಾತ್ರ ನಟಿಸಿ ಮುಗಿಸಿದ ಮೇಲೆ ಲೆನ್ಸ್ ಮುಚ್ಚಿ ಫಿಲಂ ಅನ್ನು ಅದೇ ಅಡಿಗೆ ಹಿಂದಕ್ಕೆ ಸುತ್ತಬೇಕು. ಮೇಕಪ್, ಬಟ್ಟೆ ಬದಲಾಯಿಸಿ ಬರುವ ತನಕ ಕ್ಯಾಮೆರಾದ ಹತ್ತಿರ ಯಾರೂ ಸುಳಿಯುವ ಹಾಗಿಲ್ಲ, ಸ್ಟ್ಯಾಂಡ್ ಒಂದು ಕೂದಲಷ್ಟು ಅಲ್ಲಾಡಿದರೂ ಕೆಟ್ಟಿತು. ಆಮೇಲೆ ತಗಡನ್ನು ಆ ಕಡೆಗೆ ತಿರುಗಿಸಿ ಬಲಗಡೆ ಪಾತ್ರ. ಎದುರಿಗೆ ಯಾರೂ ಇಲ್ಲ, ಗುರುತು ಹಾಕಿದ ಒಂದು ಕೋಲು ನೋಡಿಕೊಂಡು ಡೈಲಾಗ್ ಹೇಳಬೇಕು. ಮಿಚೆಲ್ ಕ್ಯಾಮೆರಾಕ್ಕೆ ಇಂಥ ಕೆಲಸದಲ್ಲಿ ಬೆಲೆ ಇದ್ದದ್ದು ಯಾಕೆ ಅಂದರೆ, ಅದರ ಪಿನ್ನು ಪ್ರತಿ ಫ್ರೇಮನ್ನೂ ಅದೇ ಜಾಗದಲ್ಲಿ ಹಿಡಿದು ನಿಲ್ಲಿಸುತ್ತಿತ್ತು. ಇನ್ನೊಂದು ಸೂಕ್ಷ್ಮ. ಎರಡು ಸಲಕ್ಕೂ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, ಒಂದೇ ಇರಬೇಕು, ಇಲ್ಲದಿದ್ದರೆ ಮಾಸ್ಕಿನ ಅಂಚಿನ ಮಸುಕು ಬದಲಾಗಿ ನಡುವೆ ಕಪ್ಪು ಗೆರೆಯೋ ಬಿಳಿ ಗೆರೆಯೋ ಎದ್ದು ಬರುತ್ತದೆ. ಮಧ್ಯೆ ವೋಲ್ಟೇಜ್ ಬಿದ್ದರೂ ಮುಗಿಯಿತು, ಅರ್ಧ ಗೋಡೆ ಒಂದು ಬಣ್ಣ, ಉಳಿದರ್ಧ ಇನ್ನೊಂದು.

ಅದಕ್ಕೇ ಆ ಗೆರೆ ಬೀಳುವ ಕಡೆ ಒಂದು ಕಂಬ ಇಡುತ್ತಿದ್ದರು, ಇಲ್ಲವಾದರೆ ಬಾಗಿಲ ಚೌಕಟ್ಟು. ಹಳೇ ಚಿತ್ರದಲ್ಲಿ ಇಬ್ಬರು ಹೀರೋ ಮಧ್ಯೆ ಕಾರಣವಿಲ್ಲದೆ ಕಂಬ ಕಂಡರೆ ಅರ್ಥ ಮಾಡಿಕೊಳ್ಳಿ.

ಅರಸೀಕೆರೆ ಪ್ಯಾಸೆಂಜರ್:
ಅಯ್ಯೋ ಸರ್, ಇನ್ನು ಮೇಲೆ ನಾನು ಹೀರೋ ನೋಡಲ್ಲ, ಕಂಬ ಹುಡುಕುತ್ತೇನೆ.

ಮೂಡಿಗೆರೆ ಮಳೆ:
ರೀಲು ಸರ್, ಇದು ಚೆನ್ನಾಗಿದೆ, ಆದರೆ ಇವರು ಕೇಳಿದ್ದಕ್ಕೂ ಇದಕ್ಕೂ ಏನು ಸಂಬಂಧ? ಮಾಸ್ಕ್ ಶಾಟಿನಲ್ಲಿ ಗೆರೆ ಕಾಣಬಾರದು. ಇವರದ್ದರಲ್ಲಿ ಗೆರೆ ಕಾಣಲೇಬೇಕು.

ಹಳೇ ರೀಲು:
ಕೈಕೆಲಸ ಒಂದೇ, ಉದ್ದೇಶ ತಿರುಗುಮುರುಗು ಅಷ್ಟೇ ಕಣಪ್ಪ. ಹಿಂದೆ ಗೆರೆ ಕಾಣುವ ಸ್ಪ್ಲಿಟ್ ಸ್ಕ್ರೀನ್ ನಮ್ಮಲ್ಲಿ ಕಡಿಮೆ ಇದ್ದದ್ದಕ್ಕೂ ಖರ್ಚಿನ ಕಾರಣವಿದೆ. ಮಾಸ್ಕ್ ಕ್ಯಾಮೆರಾದೊಳಗೇ ಮುಗಿಯುತ್ತದೆ. ಬೇರೆ ಬೇರೆ ಜಾಗದಲ್ಲಿ ತೆಗೆದ ಎರಡು ಚಿತ್ರ ಪಕ್ಕಪಕ್ಕ ಕೂರಿಸಬೇಕಾದರೆ ಲ್ಯಾಬಿನಲ್ಲಿ ಆಪ್ಟಿಕಲ್ ಪ್ರಿಂಟರ್ ಬೇಕು, ಫಿಲಂನಿಂದ ಫಿಲಂಗೆ ಮತ್ತೆ ಚಿತ್ರ ತೆಗೆಯುವ ಯಂತ್ರ. ಮದ್ರಾಸಿಗೆ ನೆಗೆಟಿವ್ ಕಳಿಸಿ, ಡ್ಯೂಪ್ ನೆಗೆಟಿವ್ (ನೆಗೆಟಿವ್‌ನ ನಕಲು) ಮಾಡಿಸಿ, ಅದು ಬರುವಾಗ ಗ್ರೈನ್ (ಕಾಳುಕಾಳು) ಜಾಸ್ತಿ ಆಗಿ ಬಣ್ಣ ಸಪ್ಪೆ. ಅಷ್ಟು ದುಡ್ಡು ಒಂದು ಫೋನ್ ಸೀನಿಗೆ ಯಾವ ನಿರ್ಮಾಪಕ ಹಾಕುತ್ತಾನೆ? ಹಾಡಿಗಾದರೆ ಪ್ರಿಸಂ ಲೆನ್ಸ್ ಹಾಕಿ ಒಂದು ನಾಯಕಿಯನ್ನು ಐದು ಮಾಡಿ ಸುಮ್ಮನಾಗುತ್ತಿದ್ದರು.

ಬೇಲೂರು ಬಸ್ ಸ್ಟ್ಯಾಂಡ್:
ನೀವೆಲ್ಲ ಹಾಲಿವುಡ್, ಮದ್ರಾಸು ಅಂತೀರಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆ ನೋಡಿ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದಕ್ಕೂ ಮೇಲೆ ರಾಮಾಯಣ ಮಹಾಭಾರತ. ಒಂದರ ಮೇಲೊಂದು ಅಷ್ಟೂ ಒಟ್ಟಿಗೇ ಕಾಣುತ್ತದೆ. ಸ್ಪ್ಲಿಟ್ ಸ್ಕ್ರೀನ್ 12ನೇ ಶತಮಾನದಲ್ಲೇ ನಮ್ಮ ಜಿಲ್ಲೆಯಲ್ಲಿತ್ತು.

ಕಾಫಿ ಹೂವು:
ಹೆಮ್ಮೆಪಡೋಣ, ಬೇಡ ಅನ್ನಲ್ಲ, ಆದರೆ ಅದು ಇದಲ್ಲ ಸರ್. ಅಲ್ಲಿ ಕಥೆಯ ಸಾಲನ್ನು ಪ್ರದಕ್ಷಿಣೆ ಬರುತ್ತಾ ಒಂದಾದ ಮೇಲೆ ಒಂದು ಓದಿಕೊಂಡು ಹೋಗುತ್ತೇವೆ. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ನಮ್ಮ ಕಾಲಿಗೆ ಬಿಟ್ಟದ್ದು. ಸಿನಿಮಾದಲ್ಲಿ ಎರಡೂ ಚೌಕ ಓಡುತ್ತಿರುತ್ತವೆ, ನೋಡದೇ ಹೋದದ್ದು ಹೋಯಿತು. ಕಷ್ಟ ಇರುವುದು ಅಲ್ಲೇ.

ಈ ಕಷ್ಟವನ್ನು ತಲೆಮೇಲೆ ಹೊತ್ತುಕೊಂಡ ಚಿತ್ರ ಅಂದರೆ ಮೈಕ್ ಫಿಗಿಸ್ 2000ದಲ್ಲಿ ಮಾಡಿದ 'ಟೈಮ್‌ಕೋಡ್'. ನಾಲ್ಕು ಡಿಜಿಟಲ್ ಕ್ಯಾಮೆರಾ ಒಂದೇ ಹೊತ್ತಿಗೆ ಶುರು, ಒಂದೂವರೆ ಗಂಟೆ ಮೀರಿ ಎಲ್ಲೂ ಕಟ್ ಇಲ್ಲ, ನಾಲ್ಕೂ ಚೌಕ ಪರದೆ ಮೇಲೆ ಕೊನೆತನಕ. ಅವರು ಸಂಗೀತಗಾರರೂ ಹೌದು, ಸ್ಕ್ರಿಪ್ಟನ್ನು ಸ್ವರಲಿಪಿ ಬರೆಯುವ ಹಾಳೆಯ ಮೇಲೆ ಬರೆದುಕೊಂಡರು, ನಾಲ್ಕು ವಾದ್ಯದ ನಾಲ್ಕು ಸಾಲು ಇದ್ದಂತೆ. ನೋಡುವವರು ಕಂಗಾಲಾಗದಿರಲು ಅವರು ಮಾಡಿದ ಉಪಾಯ ದನಿಯದು. ಯಾವ ಚೌಕ ಮುಖ್ಯವೋ ಅದರ ದನಿ ಏರಿಸುತ್ತಾರೆ, ಉಳಿದವು ತಗ್ಗುತ್ತವೆ. ಕಣ್ಣು ಕಿವಿಯ ಹಿಂದೆ ಹೋಗುತ್ತದೆ.

ಮಂಜರಾಬಾದ್ ಮೈಕು:
ಸಕಲೇಶಪುರದಿಂದ, ನಾನು ಲೊಕೇಶನ್ ಸೌಂಡ್ ಮಾಡುವವನು. ಅಕ್ಕ ಹೇಳಿದ್ದಕ್ಕೆ ನೂರಕ್ಕೆ ನೂರು. ಆಲೂರಣ್ಣ, ನಿಮ್ಮ ಸೀನಿನಲ್ಲಿ ಬಲಗಡೆ ಬೈಕ್ ಇಂಜಿನ್ ಇದೆ. ಅದು ಪೂರ್ತಿ ಜೋರಾಗಿ ಓಡಿದರೆ ಮಗಳ ಕಡೆ ಯಾರೂ ನೋಡುವುದಿಲ್ಲ. ಗಲಾಟೆ ಇರುವ ಕಡೆಗೇ ಕಣ್ಣು ಓಡುವುದು. ಆದ್ದರಿಂದ ಅವಳು ಮೆಸೇಜ್ ಓದುವಾಗ ಬೈಕಿನ ಸದ್ದು ಪೂರ್ತಿ ತೆಗೆದುಬಿಡಿ. ಮೂಕ ಅಪ್ಪ ಬಲಗಡೆ ಬರುತ್ತಿರಲಿ. ಆಮೇಲೆ ಅವಳ ಮನೆಯ ಸದ್ದು ನಿಲ್ಲಿಸಿ, ಬರೀ ಫೋನ್ ವೈಬ್ರೇಟ್ ಆಗುವ ಗುಂಯ್ ಮತ್ತು ಬೈಕು. ಒಂದು ಹೊತ್ತಿಗೆ ಒಂದೇ ಕಡೆಯ ದನಿ.

ಇನ್ನೊಂದು, ಎಡಗಡೆ ಚಿತ್ರದ ದನಿ ಎಡ ಸ್ಪೀಕರಿಗೆ, ಬಲದ್ದು ಬಲಕ್ಕೆ ಅಂತ ಪ್ಯಾನ್ ಮಾಡಲು ಹೋಗಬೇಡಿ. ನಿಮ್ಮ ಚಿತ್ರ ನೋಡುವವರಲ್ಲಿ ಮುಕ್ಕಾಲು ಜನ ಫೋನ್ ಎದುರಿಗೆ ಹಿಡಿದು ನೋಡುವವರು, ಅಲ್ಲಿ ಎಡ ಯಾವುದು ಬಲ ಯಾವುದು? ಸ್ವಲ್ಪ ಸರಿಸಿ, ಪೂರ್ತಿ ಬೇಡ.

ಮೂಡಿಗೆರೆ ಮಳೆ:
ಸರಿ, ದನಿಯ ವಿಚಾರ ಒಪ್ಪಿದೆ. ಆದರೆ ಒಂದು ಕಡೆಯ ದನಿ ನಿಲ್ಲಿಸಿ, ಕಣ್ಣನ್ನು ಒಂದೇ ಕಡೆ ಎಳೆಯುವುದಾದರೆ ಅದು ಕಟ್ ಮಾಡಿದ ಹಾಗೇ ಅಲ್ವಾ? ಎರಡು ಚಿತ್ರ ಇಟ್ಟು ಒಂದನ್ನೇ ನೋಡಿಸುವುದಾದರೆ ಇನ್ನೊಂದು ಯಾಕೆ?

ಕಾಫಿ ಹೂವು:
ಒಳ್ಳೆ ಪ್ರಶ್ನೆ. ಕಟ್ ಮಾಡಿದರೆ ಇನ್ನೊಂದು ಇಲ್ಲವೇ ಇಲ್ಲ. ಇಲ್ಲಿ ಇದೆ, ಅಂಚಿನಲ್ಲಿ ಚಲಿಸುತ್ತಿದೆ, ಬೇಕಾದರೆ ನೋಡಬಹುದು. ನಿರ್ದೇಶಕ ಡಿ ಪಾಲ್ಮಾ 1976ರ 'ಕ್ಯಾರಿ'ಯಲ್ಲಿ ಡ್ಯಾನ್ಸ್ ಹಾಲಿನ ಅನಾಹುತಕ್ಕೆ ಇದನ್ನೇ ಮಾಡಿದರು. ಒಂದು ಕಡೆ ನೋಟದಿಂದಲೇ ವಸ್ತುಗಳನ್ನು ಅಲ್ಲಾಡಿಸುವ ನಾಯಕಿಯ ಮುಖ, ಇನ್ನೊಂದು ಕಡೆ ಅವಳ ನೋಟದಿಂದ ಆಗುವ ಹಾನಿ. ನನಗಂತೂ ಅಲ್ಲಿ ಮುಖ ಮುಖ್ಯ ಅನ್ನಿಸುತ್ತದೆ, ಬೆಂಕಿ ನೀರು ಎಲ್ಲ ಆ ಮುಖಕ್ಕೆ ಹಿನ್ನೆಲೆ. ಆದರೆ ಅಲ್ಲೂ ಸ್ವಲ್ಪ ಹೆಚ್ಚಾಯಿತು ಅನ್ನುವವರಿದ್ದಾರೆ, ನಾನೂ ಅವರ ಕಡೆ ಅರ್ಧ ವಾಲುತ್ತೇನೆ. ಗದ್ದಲ ಜಾಸ್ತಿಯಾದಷ್ಟೂ ಎರಡು ಚೌಕ ಒಂದಕ್ಕೊಂದು ಜಗಳಕ್ಕೆ ಬೀಳುತ್ತವೆ. ಎರಡರಲ್ಲಿ ಒಂದಾದರೂ ಸುಮ್ನೆ ಇರಬೇಕು. ನಿಮ್ಮಲ್ಲಿ ಮಗಳು ಒಂದೇ ಕಡೆ ನಿಂತಿರಲಿ, ಟ್ರೈಪಾಡ್ ಮೇಲೆ. ಅಪ್ಪ ಚಲಿಸಲಿ. ಇಬ್ಬರನ್ನೂ ಹ್ಯಾಂಡ್‌ಹೆಲ್ಡ್ (ಕ್ಯಾಮೆರಾ ಕೈಯಲ್ಲೇ ಹಿಡಿದು) ಮಾಡಿದರೆ ನೋಡುವವರಿಗೆ ಚಾರ್ಮಾಡಿ ಘಾಟಿ ಇಳಿದ ಹಾಗೆ ಆಗುತ್ತದೆ.

ಆಲೂರು ಫ್ರೇಮ್:
ಇಬ್ಬರನ್ನೂ ಹ್ಯಾಂಡ್‌ಹೆಲ್ಡ್ ಅಂತಲೇ ಇತ್ತು ಪ್ಲಾನ್. ಬದಲಾಯಿಸುತ್ತೇವೆ. ಫ್ರೇಮಿಂಗ್ ಬಗ್ಗೆ ಹೇಳಿ ಅಕ್ಕಾ, ಮಾಮೂಲಿಯಾಗಿ ತೆಗೆದು ಎಡಿಟ್‌ನಲ್ಲಿ ಅರ್ಧ ಕತ್ತರಿಸಿದರೆ ನಡೆಯುತ್ತಾ?

ಕಾಫಿ ಹೂವು:
ನಡೆಯಲ್ಲ. ತುಂಬಾ ಜನ ಎಡವುವುದು ಇಲ್ಲೇ. 16:9 ಪರದೆಯನ್ನು ಮಧ್ಯೆ ಸೀಳಿದರೆ ಒಂದೊಂದು ಭಾಗ 8:9, ಅಂದರೆ ಅಗಲಕ್ಕಿಂತ ಎತ್ತರವೇ ಚೂರು ಜಾಸ್ತಿ. ಅಗಲದ ಚೌಕಟ್ಟಿಗೆ ತೆಗೆದ ಬೈಕ್ ಶಾಟ್ ಅದರಲ್ಲಿ ಕೂರಿಸಿದರೆ ಮುಂದಿನ ಚಕ್ರ ಇರಲ್ಲ ಇಲ್ಲವೇ ಅಪ್ಪನ ಬೆನ್ನು ಇರಲ್ಲ. ಆದ್ದರಿಂದ ಫೋನ್ ಸ್ಕ್ರೀನ್ ಮೇಲೆ ಎರಡು ಟೇಪ್ ಅಂಟಿಸಿ 8:9 ಗುರುತು ಮಾಡಿಕೊಳ್ಳಿ, ಅದರೊಳಗೇ ಕಂಪೋಸ್ ಮಾಡಿ. ಬೈಕನ್ನು ಪಕ್ಕದಿಂದ ಬೇಡ, ಎದುರಿನಿಂದ ತೆಗೆಯಿರಿ. ಈ ಚೌಕಕ್ಕೆ ನಿಂತ ಮನುಷ್ಯ, ಬಾಗಿಲು, ಎದುರಿನಿಂದ ಬರುವ ರಸ್ತೆ, ಎತ್ತರದ ಸಿಲ್ವರ್ ಓಕ್ ಮರ ಇವೆಲ್ಲ ಚೆನ್ನಾಗಿ ಹೊಂದುತ್ತವೆ. ಉದ್ದಕ್ಕೆ ಹರಡಿದ ಬೆಟ್ಟದ ಸಾಲು ಹೊಂದಲ್ಲ.

4ಕೆ ಯಲ್ಲಿ ತೆಗೆಯುವುದಾದರೆ 3840ರಲ್ಲಿ ಮಧ್ಯದ 1920 ಮಾತ್ರ ಬಳಕೆಗೆ ಬರುತ್ತದೆ, ಎತ್ತರ 2160 ಪೂರ್ತಿ. ಫುಲ್ ಎಚ್‌ಡಿ ಪ್ರಾಜೆಕ್ಟಿಗೆ ಪ್ರತಿ ಭಾಗಕ್ಕೆ ಬೇಕಾದದ್ದು 960×1080. ಹಾಗಾಗಿ ಆಚೀಚೆ ಸರಿಸಲು ಬೇಕಾದಷ್ಟು ಜಾಗ ಇರುತ್ತದೆ.

ನೋಟದ ದಿಕ್ಕು ಮರೆಯಬೇಡಿ. ಎಡಗಡೆ ಇರುವ ಮಗಳು ಬಲಕ್ಕೆ ನೋಡಬೇಕು, ಅಪ್ಪನ ಬೈಕು ಎಡಕ್ಕೆ ಓರೆಯಾಗಿ ಬರಬೇಕು. ಆಗ ಅವನು ಅವಳ ಕಡೆಗೇ ಬರುತ್ತಿದ್ದಾನೆ ಅಂತ ಯಾರೂ ಹೇಳದೆ ತಿಳಿಯುತ್ತದೆ. ತಿರುಗುಮುರುಗಾದರೆ ಇಬ್ಬರೂ ದೂರ ಹೋಗುತ್ತಿರುವ ಹಾಗೆ ಕಾಣುತ್ತದೆ.

ಹಳೇ ರೀಲು:
ಎರಡು ಬೇರೆ ಬೇರೆ ಫೋನಿನಲ್ಲಿ ತೆಗೆಯುತ್ತೀರಾ? ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ), ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಿ. ಒಂದಾದ ಮೇಲೆ ಒಂದು ಬಂದಾಗ ಕಣ್ಣಿಗೆ ಕಾಣದ ಬಣ್ಣದ ವ್ಯತ್ಯಾಸ ಪಕ್ಕಪಕ್ಕ ಕೂತಾಗ ಹೊಡೆದು ಕಾಣುತ್ತದೆ. ನಮ್ಮ ಮಲೆನಾಡಿನ ಸಂಜೆ ಬೆಳಕು ಐದೈದು ನಿಮಿಷಕ್ಕೆ ಬೇರೆ. ಮಗಳ ಭಾಗ ಐದೂವರೆಗೆ, ಅಪ್ಪನ ಭಾಗ ಆರೂವರೆಗೆ ತೆಗೆದರೆ ಒಂದೇ ಹೊತ್ತು ಅಂತ ಯಾರು ನಂಬುತ್ತಾರೆ? ಬೇರೆ ಬೇರೆ ದಿನ ತೆಗೆಯಿರಿ, ಆದರೆ ಅದೇ ಗಂಟೆಗೆ.

ಮಂಜರಾಬಾದ್ ಮೈಕು:
ಫೋನಿನದ್ದು ಇನ್ನೊಂದು ತರಲೆ. ಮಾಮೂಲಿ ಕ್ಯಾಮೆರಾ ಆಪ್ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದನ್ನು, ತನಗಿಷ್ಟ ಬಂದಂತೆ ಏರಿಸಿ ಇಳಿಸುತ್ತದೆ. ಎರಡು ಕ್ಲಿಪ್ ಶುರುವಿನಲ್ಲಿ ಸಿಂಕ್ ಇದ್ದದ್ದು ಎರಡು ನಿಮಿಷ ಕಳೆಯುವಷ್ಟರಲ್ಲಿ ಜಾರಿರುತ್ತದೆ. ನಿಮಗೆ ಅವಳ ಕಾಲ್, ಅವನ ಜೇಬಿನ ಬೆಳಕು ಒಂದೇ ಕ್ಷಣಕ್ಕೆ ಬೇಕು. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆಪ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ 25 ಫ್ರೇಮ್, ಶಟರ್ 1/50 ಅಂತ ಕಟ್ಟಿಹಾಕಿ. ನಮ್ಮ ಕರೆಂಟು 50 ಹರ್ಟ್ಸ್, ಲೈನ್ ಮನೆಯ ಟ್ಯೂಬ್‌ಲೈಟ್ ಮಿನುಗುವುದೂ ಅಲ್ಲಿಗೆ ನಿಲ್ಲುತ್ತದೆ. ಈಗಾಗಲೇ ತೆಗೆದ ಕ್ಲಿಪ್ ಇದ್ದರೆ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ (ಏರಿಳಿಯದ) ಫ್ರೇಮ್ ರೇಟಿಗೆ ಬದಲಾಯಿಸಿ.

ಅರಸೀಕೆರೆ ಪ್ಯಾಸೆಂಜರ್:
ಎಡಿಟ್ ಮಾಡದೇ ಸ್ಪ್ಲಿಟ್ ಸ್ಕ್ರೀನ್ ಮಾಡಲು ಆಗಲ್ವಾ? ಮಧ್ಯೆ ಒಂದು ಗೋಡೆ ಕಟ್ಟಿ ಆ ಕಡೆ ಒಬ್ಬರು ಈ ಕಡೆ ಒಬ್ಬರು? ತಮಾಷೆಗೆ ಕೇಳಿದೆ.

ಕಾಫಿ ಹೂವು:
ತಮಾಷೆ ಅಲ್ಲ, ಮಾಡಿದ್ದಾರೆ. 1977ರ 'ಆನಿ ಹಾಲ್'ನಲ್ಲಿ ಹುಡುಗ ಹುಡುಗಿ ಇಬ್ಬರೂ ತಮ್ಮ ತಮ್ಮ ಮನೋವೈದ್ಯರ ಎದುರು ಕೂತು ಮಾತಾಡುವ ದೃಶ್ಯ ನೋಡಲು ಸ್ಪ್ಲಿಟ್ ಸ್ಕ್ರೀನ್. ನಿಜದಲ್ಲಿ ಒಂದೇ ಸೆಟ್, ನಡುವೆ ಗೋಡೆ. ಇಬ್ಬರೂ ಒಂದೇ ಟೇಕಿನಲ್ಲಿ ಆಡಿದ್ದಕ್ಕೆ ಮಾತಿನ ಟೈಮಿಂಗ್ ಅಷ್ಟು ಚೆನ್ನಾಗಿ ಕೂತಿತು. ಆಲೂರಿನವರಿಗೆ ಉಪಯೋಗವಿಲ್ಲ, ಗೋಡೆ ಪಕ್ಕ ಆನೆ ದಾರಿ ಕಟ್ಟಲು ಆಗಲ್ಲ.

ಗೆರೆಯೊಂದಿಗೆ ಆಟ ಆಡಿದ್ದು ನೋಡಬೇಕಾದರೆ 1959ರ 'ಪಿಲ್ಲೋ ಟಾಕ್'. ನಾಯಕ ನಾಯಕಿ ಇಬ್ಬರೂ ತಮ್ಮ ತಮ್ಮ ಮನೆಯ ಬಾತ್‌ಟಬ್‌ನಲ್ಲಿ, ಫೋನಿನಲ್ಲಿ ಮಾತು, ಕಾಲುಗಳು ನಡುವಿನ ಗೆರೆಗೆ ತಾಗಿವೆ, ಒಬ್ಬರ ಪಾದ ಇನ್ನೊಬ್ಬರ ಪಾದಕ್ಕೆ ಒತ್ತಿದ ಹಾಗೆ. ಒಂದೇ ಮಂಚದಲ್ಲಿ ತೋರಿಸಲು ಸೆನ್ಸಾರ್ ಬಿಡದ ಕಾಲದಲ್ಲಿ ಗೆರೆಯೇ ಅವರಿಗೆ ಅನುಮತಿ ಪತ್ರ. ಅದೇ ಗೆರೆ 2021ರ 'ವೋರ್ಟೆಕ್ಸ್'ನಲ್ಲಿ ಕ್ರೂರ. ಗಾಸ್ಪರ್ ನೋಯೆ ಅವರ ಚಿತ್ರ, ಮರೆವಿನ ಕಾಯಿಲೆ ಬಂದ ಮುದುಕಿ, ಅವಳ ಗಂಡ, ಒಂದೇ ಮನೆ. ಹೆಚ್ಚುಕಡಿಮೆ ಪೂರ್ತಿ ಚಿತ್ರ ಎರಡು ಚೌಕದಲ್ಲಿ. ಒಂದೇ ಟೇಬಲ್ಲಿಗೆ ಕೂತರೂ ಮಧ್ಯೆ ಆ ಕಪ್ಪು ಪಟ್ಟಿ. ಈ ಕಾರಣಕ್ಕೇ ನಾನು ಕೇಳುವುದು, ನಿಮ್ಮ ಗೆರೆ ಯಾವಾಗ ಹೋಗುತ್ತದೆ?

ಹಳೇ ರೀಲು:
ಗೆರೆ ಅಂದಿರಲ್ಲ, ಒಂದು ವಿಷಯ. ಸ್ಕೋಪ್ (ಅಗಲ ಪರದೆಯ) ಚಿತ್ರಗಳನ್ನು ಹಳೇ 4:3 ಟಿವಿಗೆ ಹಾಕುವಾಗ ಎರಡೂ ಪಕ್ಕ ಕತ್ತರಿಸುತ್ತಿದ್ದರು. ಇಂಥ ಫೋನ್ ದೃಶ್ಯಗಳಲ್ಲಿ ಅರ್ಧ ಮನುಷ್ಯ ಆ ಕಡೆ, ಅರ್ಧ ಈ ಕಡೆ, ಮಧ್ಯದ ಗೆರೆ ಮಾತ್ರ ಪೂರ್ತಿ. ಇವತ್ತು ಅದೇ ಕಥೆ ರೀಲ್ಸಿನಲ್ಲಿ. ನಿಮ್ಮ ಚಿತ್ರದ ತುಣುಕನ್ನು ನಿಲುವು ಫೋನಿಗೆ ಹಾಕುವುದಾದರೆ ಎಡಬಲ ಇಟ್ಟದ್ದನ್ನು ಮೇಲೆ ಕೆಳಗೆ ಇಡಿ, ಅದಕ್ಕೆ ಬೇರೆ ಎಡಿಟ್ ಮಾಡಿ.

ಮೂಡಿಗೆರೆ ಮಳೆ:
ನನ್ನದು ಬೇರೆ ಪ್ರಶ್ನೆ, ಇಷ್ಟು ಹೊತ್ತಾದರೂ ಯಾರೂ ಎತ್ತಿಲ್ಲ. ಆನೆ ಎಲ್ಲಿಂದ ತರುತ್ತೀರಿ? ನಮ್ಮ ಕಡೆ ರೀಲ್ಸ್ ಮಾಡಲು ಆನೆ ಹತ್ತಿರ ಹೋಗುವವರನ್ನು ಕಂಡು ಸಾಕಾಗಿದೆ. ಆನೆ ಸಿಟ್ಟಾಗಿ ಮರುದಿನ ತೋಟಕ್ಕೆ ಹೋಗುವ ಆಳುಗಳ ಮೇಲೆ ತಿರುಗಿದರೆ ಯಾರು ಹೊಣೆ? ಕಾಫಿ ಕುಯ್ಲಿನ ಹೊತ್ತಿಗೆ ಲೈನ್ ಮನೆಯವರು ಹೆದರಿಕೊಂಡೇ ಕೆಲಸಕ್ಕೆ ಹೋಗುವುದು. ದಯವಿಟ್ಟು ಆ ದಾರಿಯಲ್ಲಿ ಸಂಜೆ ನಿಜವಾಗಿ ಶೂಟ್ ಮಾಡಬೇಡಿ.

ಆಲೂರು ಫ್ರೇಮ್:
ಅಣ್ಣಾ, ನಮ್ಮ ಮನೆಯವರೇ ಆ ದಾರಿಯಲ್ಲಿ ಓಡಾಡುವವರು. ಆನೆ ಇರುವ ಕಡೆ ಕಾಲಿಡಲ್ಲ. ಬೈಕ್ ಭಾಗ ಊರೊಳಗಿನ ಒಂದು ಸಣ್ಣ ತೋಟದ ರಸ್ತೆಯಲ್ಲಿ, ಅಲ್ಲಿ ಆನೆ ಬರಲ್ಲ, ಮಾಲೀಕರಿಗೆ ಹೇಳಿದ್ದೇವೆ. ಆನೆಯನ್ನು ತೋರಿಸುವ ಯೋಚನೆಯೇ ಇಲ್ಲ. ಆದರೆ ತೋರಿಸದೇ ಇದ್ದರೆ ಜನಕ್ಕೆ ಮೋಸ ಅನ್ನಿಸುತ್ತಾ ಅಂತ ಒಂದು ಅಳುಕು.

ಮೂಡಿಗೆರೆ ಮಳೆ:
ಹಾಗಾದರೆ ಒಂದು ಮಾತು, ವಿರೋಧಿಯ ಕಡೆಯಿಂದ. ಮೂರನೇ ಚೌಕ ಮಾಡಿ. ಕೊನೆಯ ಅರ್ಧ ನಿಮಿಷಕ್ಕೆ ಮಾತ್ರ. ಅದರಲ್ಲಿ ರಸ್ತೆಯ ತಿರುವು, ಎರಡೂ ಕಡೆ ಕಾಫಿ ಗಿಡ, ಯಾರೂ ಇಲ್ಲ. ಏನೂ ಆಗಬಾರದು. ಅಪ್ಪನ ಚೌಕ ಓಡುತ್ತಿದೆ, ಮಗಳ ಚೌಕ ಓಡುತ್ತಿದೆ, ಇದೊಂದು ನಿಂತಿದೆ. ನಮ್ಮ ಕಡೆಯವರಿಗೆ ಖಾಲಿ ತಿರುವು ಆನೆಗಿಂತ ಹೆಚ್ಚು ಹೆದರಿಕೆ.

ಕಾಫಿ ಹೂವು:
ಸ್ಪ್ಲಿಟ್ ಸ್ಕ್ರೀನ್ ಬೇಡ ಅಂದವರೇ ಈ ಪುಟದ ಅತ್ಯುತ್ತಮ ಸ್ಪ್ಲಿಟ್ ಸ್ಕ್ರೀನ್ ಬರೆದರು! ಇದನ್ನು ಕಟ್‌ನಲ್ಲಿ ಮಾಡಲು ಆಗಲ್ಲ. ಖಾಲಿ ರಸ್ತೆಯನ್ನು ಒಂಟಿ ಶಾಟ್ ಆಗಿ ಅರ್ಧ ನಿಮಿಷ ಇಟ್ಟರೆ ಜನ ಫೋನ್ ನೋಡುತ್ತಾರೆ. ಉಳಿದ ಎರಡರ ಪಕ್ಕ ಇಟ್ಟರೆ ಕಣ್ಣು ಹತ್ತು ಸಲ ಅಲ್ಲಿಗೆ ಹೋಗಿ ಬರುತ್ತದೆ, ಪ್ರತಿ ಸಲ ಏನಾದರೂ ಕಾಣುತ್ತದಾ ಅಂತ. ಆ ಚೌಕಕ್ಕೆ ದನಿಯೂ ಬೇಡ. ನಾನಾದರೆ ಅಪ್ಪನ ಬೈಕು ಆ ಮೂರನೇ ಚೌಕದೊಳಗೆ ಬಂದ ಕ್ಷಣಕ್ಕೆ ಉಳಿದೆರಡನ್ನೂ ತೆಗೆದು ಅದನ್ನೇ ಪೂರ್ತಿ ಪರದೆ ಮಾಡುತ್ತೇನೆ. ಗೆರೆ ಹೋಗಬೇಕಾದ ಜಾಗ ಅದು.

ಮಂಜರಾಬಾದ್ ಮೈಕು:
ಆ ಕ್ಷಣಕ್ಕೆ ಬೈಕಿನ ಸದ್ದು ದೂರದಿಂದ ಹತ್ತಿರ ಬರಬೇಕು, ಅಪ್ಪನ ಚೌಕದಲ್ಲಿದ್ದ ಹತ್ತಿರದ ಸದ್ದೇ ಮುಂದುವರಿದರೆ ಕೆಡುತ್ತದೆ. ಆ ತಿರುವಿನಲ್ಲೇ ರೆಕಾರ್ಡರ್ ಇಟ್ಟು ಬೈಕನ್ನು ಒಂದೆರಡು ಸಲ ಓಡಿಸಿ ತೆಗೆದುಕೊಳ್ಳಿ, ಜೀರುಂಡೆ ಸದ್ದೂ ಸಿಗುತ್ತದೆ.

ಆಲೂರು ಫ್ರೇಮ್:
ಸರಿ, ಹೀಗೆ ಮಾಡುತ್ತೇವೆ. ಶುರುವಿನಲ್ಲಿ ಮಗಳು ಪೂರ್ತಿ ಪರದೆ. ಮೊದಲ ಕಾಲ್ ಒತ್ತಿದಾಗ ಪರದೆ ಎರಡಾಗುತ್ತದೆ, ಜೇಬಿನ ಬೆಳಕು ತನಕ. ಮತ್ತೆ ಇಂಟರ್‌ಕಟ್. ಕೊನೆಗೆ ಮೂರು ಚೌಕ, ಬೈಕು ತಿರುವಿಗೆ ಬಂದಾಗ ಒಂದು. ನಾಲ್ಕು ನಿಮಿಷದಲ್ಲಿ ಒಂದು ನಿಮಿಷ ಕೂಡ ಸ್ಪ್ಲಿಟ್ ಇರಲ್ಲ. ಕ್ಯಾಮೆರಾ ಹುಡುಗನೂ ಒಪ್ಪಿದ, ಆದರೆ ಮೂರು ಚೌಕ ಹೇಗೆ ಜೋಡಿಸುವುದು ಅಂತ ಕೇಳುತ್ತಿದ್ದಾನೆ. ಮೂರೂ ಉದ್ದುದ್ದ ಪಟ್ಟಿನಾ?

ಕಾಫಿ ಹೂವು:
ಮೂರು ಪಟ್ಟಿ ಬೇಡ, ಒಂದೊಂದು ತೀರಾ ಸಣಕಲು ಆಗುತ್ತದೆ. ಎಡಗಡೆ ಅರ್ಧದಲ್ಲಿ ಮೇಲೆ ಮಗಳು, ಕೆಳಗೆ ಅಪ್ಪ, ಎರಡೂ 8:4.5 ರಷ್ಟು ಆಗುತ್ತವೆ, ಅಂದರೆ ಮತ್ತೆ 16:9. ಬಲಗಡೆ ಅರ್ಧ ಪೂರ್ತಿ ರಸ್ತೆಗೆ. ಮಗಳು, ಅಪ್ಪ ಇಬ್ಬರನ್ನೂ ಈ ಭಾಗಕ್ಕೆ ಅಡ್ಡ ಚೌಕಟ್ಟಿನಲ್ಲೇ ಬೇರೆಯಾಗಿ ತೆಗೆಯಿರಿ. ಎರಡು ಚೌಕ ಇದ್ದ ಭಾಗದಲ್ಲಿ ಬೈಕು ಎಡಕ್ಕೆ ಬಂದಿತ್ತು, ಇಲ್ಲಿ ಬಲಕ್ಕೆ, ರಸ್ತೆಯ ಕಡೆಗೆ ತಿರುಗಿರಲಿ.

ಹಳೇ ರೀಲು:
ಟ್ರೈಪಾಡ್ ಬೇಕಾದರೆ ನನ್ನ ಹತ್ತಿರ ಹಳೇದೊಂದಿದೆ, ಭಾರ ಜಾಸ್ತಿ, ಗಾಳಿಗೆ ಅಲ್ಲಾಡಲ್ಲ. ಹಾಸನಕ್ಕೆ ಬಂದಾಗ ತೆಗೆದುಕೊಂಡು ಹೋಗಿ. ಖಾಲಿ ರಸ್ತೆಯ ಶಾಟಿಗೆ ಅದೇ ಹಾಕಿ.